ಗಾಡಿಯ ಹಿಂದೆ ನಿಂತ ಹುಲಿ

— ಅತ್ತೆ, ಇಂಗ್ಲೆಂಡಿನ ಸಾಹುಕಾರರು ಗಾಡಿ ಹಿಂದೆ ಹುಲಿ ನಿಲ್ಲಿಸಿಕೊಂಡು ಓಡಾಡ್ತಿದ್ರಾ?

— ಯಾವ ಪುಸ್ತಕ ಅದು?

— ಜಾರ್ಜೆಟ್ ಹೇಯರ್ ಬರೆದ ‘ರೀಜೆನ್ಸಿ ಬಕ್’. ಗಾಡಿ ನಿಂತ ಕೂಡಲೇ ‘ಟೈಗರ್’ ಕೆಳಗೆ ಧುಮುಕಿ ಕುದುರೆಗಳ ಹತ್ತಿರ ಓಡುತ್ತೆ. ಕುದುರೆಗಳಿಗೆ ಗಾಬರಿಯೇ ಇಲ್ಲ. ಆಮೇಲೆ ನೋಡಿದ್ರೆ ಅದು ಮಾತೂ ಆಡುತ್ತೆ!

— ಹುಲಿ ಅಲ್ಲ ಕಣೇ, ಹುಡುಗ. ಗಾಡಿಯ ಹಿಂಬದಿ ನಿಂತು ಬರೋ ಸಣ್ಣ ಆಳು. ಯಜಮಾನ ಇಳಿದಾಗ ಕುದುರೆ ಹಿಡ್ಕೊಳ್ಳೋದು ಅವನ ಕೆಲಸ. ಪಟ್ಟೆಪಟ್ಟೆ ವೇಸ್ಟ್‌ಕೋಟ್ ತೊಡಿಸ್ತಿದ್ರು, ಹೆಸರು ಅದರಿಂದ ಬಂತು ಅಂತಾರೆ. ಆಳು ಕುಳ್ಳಗಿದ್ದಷ್ಟೂ ಗಾಡಿ ಹಗುರ, ಯಜಮಾನನಿಗೆ ಜಂಬ.

— ಹೀಗೆ ಪುಟಕ್ಕೆ ಹತ್ತು ಮಾತು ಅಡ್ಡ ಬಂದ್ರೆ ಪ್ರೇಮಕಥೆ ಓದೋದು ಹೇಗೆ ಹೇಳಿ? ಫೇಟನ್, ಕರಿಕಲ್, ಗಿಗ್, ಬರೂಷ್... ಮೋಟಾರು ಕಂಪನಿ ಕ್ಯಾಟಲಾಗ್ ಇದ್ದ ಹಾಗಿದೆ.

— ಕ್ಯಾಟಲಾಗೇ. ಕರಿಕಲ್ ಅಂದ್ರೆ ಎರಡು ಚಕ್ರ, ಎರಡು ಕುದುರೆ. ಗಿಗ್ ಅಂದ್ರೆ ಎರಡು ಚಕ್ರಕ್ಕೆ ಒಂದೇ ಕುದುರೆ, ಬಡಪಾಯಿ ಗಾಡಿ. ಬರೂಷ್ ನಾಲ್ಕು ಚಕ್ರದ್ದು, ಮೇಲಿನ ಮುಚ್ಚಿಗೆ ಮಡಚಬಹುದು, ಸಂಸಾರವಂದಿಗರ ಸಾರೋಟು ಅಂದ್ಕೋ. ಫೇಟನ್‌ಗೂ ನಾಲ್ಕು ಚಕ್ರ. ಅದರಲ್ಲಿ ಎತ್ತರದ ಪೀಠದ್ದೊಂದು ಇತ್ತು, ತಿರುವಿನಲ್ಲಿ ಮಗುಚೋ ಭಯ. ಹೆಸರೇ ಗ್ರೀಕ್ ಪುರಾಣದ್ದು. ಸೂರ್ಯನ ಮಗ ಅಪ್ಪನ ರಥ ಹೊಡೆಯೋಕೆ ಹೋಗಿ ಸತ್ತನಲ್ಲ, ಅವನದ್ದು. ಸೊಕ್ಕಿನ ಹುಡುಗರ ಗಾಡಿಗೆ ಸತ್ತವನ ಹೆಸರಿಟ್ಟವರು ರಸಿಕರೇ ಇರಬೇಕು. ಆದ್ರೆ ನೀನು ಚಕ್ರ ಎಣಿಸ್ತಾ ಕೂರಬೇಡ. ಒಂದೇ ವಿಷಯ ನೋಡು, ಗಾಡಿ ತೆರೆದದ್ದೋ, ಮುಚ್ಚಿದ್ದೋ.

— ಅದರಿಂದ ಏನಾಗುತ್ತೆ?

— ಮಾನ ಹೋಗೋದು, ಉಳಿಯೋದು ತೀರ್ಮಾನ ಆಗುತ್ತೆ. ಮದುವೆಯಾಗದ ಹೆಣ್ಣುಮಗಳು ಪರಗಂಡಸಿನ ಜೊತೆ ಮುಚ್ಚಿದ ಗಾಡಿಯಲ್ಲಿ ಒಬ್ಬಳೇ ಹೋದ್ರೆ ಊರೆಲ್ಲ ಗುಲ್ಲು. ತೆರೆದ ಗಾಡಿ, ಹಗಲು ಹೊತ್ತು, ಹೈಡ್ ಪಾರ್ಕಿನ ಜನಸಂದಣಿ, ಹಿಂದೆ ಒಬ್ಬ ಆಳು ಇದ್ರೆ ಪರವಾಗಿಲ್ಲ. ಈಗ ನಿನ್ನ ಹುಲಿ ಯಾಕೆ ನಿಂತಿದೆ ಗೊತ್ತಾಯ್ತಾ? ಕುದುರೆ ಕಾಯೋಕೆ ಮಾತ್ರ ಅಲ್ಲ. ಮೂರನೆಯವನಾಗಿ ಇರೋಕೆ. ಲೇಖಕಿ ಯಾವುದೋ ನೆಪ ಹೂಡಿ ಅವನನ್ನ ಕೆಳಗಿಳಿಸಿದಳು ಅಂದ್ರೆ ಮುಂದಿನ ಪುಟದಲ್ಲಿ ಏನೋ ಇದೆ ಅಂತಲೇ.

— ಇಷ್ಟೆಲ್ಲ ಇರುತ್ತಾ ಅದರಲ್ಲಿ! ಮುಚ್ಚಿದ ಗಾಡಿ ಅಂದ್ರಲ್ಲ, ಜೇನ್ ಆಸ್ಟಿನ್‌ದು ‘ಎಮ್ಮಾ’ ಓದುವಾಗ ಒಂದು ಕಡೆ ನನಗೆ ದಿಗಿಲಾಗಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ, ಗಾಡಿಯಲ್ಲಿ ಎಮ್ಮಾ ಮತ್ತು ಆ ಪಾದ್ರಿ ಎಲ್ಟನ್, ಇಬ್ಬರೇ. ಅವನು ಅವಳಿಗೆ ‘ಲವ್ ಮಾಡಿದ’ ಅಂತ ನೇರವಾಗಿ ಬರೆದಿದ್ದಾಳೆ. 1815ರ ಪುಸ್ತಕದಲ್ಲಿ ಹೀಗೂ ಬರೀತಿದ್ರಾ ಅಂತ.

— ಮಾಡಿದ್ದು ಮಾತು ಮಾತ್ರ! ಆಗ ಆ ಮಾತಿಗೆ ಪ್ರೇಮ ನಿವೇದನೆ ಅಂತಷ್ಟೇ ಅರ್ಥ. ವೈನ್ ಸ್ವಲ್ಪ ಏರಿತ್ತು, ಕೈ ಹಿಡಿದು ಬಡಬಡಿಸಿದ, ಮುಖಭಂಗ ಆಯ್ತು, ಮನೆ ಬಂತು. ನೋಡು, ನೀನು ಫೇಟನ್‌ಗೆ ಹೆದರ್ತೀಯ. ಹೆದರಬೇಕಾದ್ದು ಇಂಥದಕ್ಕೆ. ಫೇಟನ್ ಗೊತ್ತಿಲ್ಲ ಅಂತ ನಿನಗೇ ಗೊತ್ತಿರುತ್ತೆ, ನಿಘಂಟು ತೆಗೀತೀಯ. ಗೊತ್ತಿದೆ ಅನ್ನಿಸೋ ಮಾತಿಗೆ ಯಾರು ನಿಘಂಟು ತೆಗೀತಾರೆ?

— ಇನ್ನೇನಿವೆ ಆ ಥರದ್ದು?

— ‘ಮಾರ್ನಿಂಗ್’. ಅವರ ಬೆಳಗ್ಗೆ ದಿನದ ದೊಡ್ಡ ಊಟದ ತನಕ. ಊಟ ಸಾಯಂಕಾಲ ನಾಲ್ಕಕ್ಕೋ ಆರಕ್ಕೋ. ಹಾಗಾಗಿ ‘ಮಾರ್ನಿಂಗ್ ಕಾಲ್’ ಅಂತ ಭೇಟಿಗೆ ಬಂದವರು ಮಧ್ಯಾಹ್ನ ಎರಡು ಗಂಟೆಗೆ ಬಂದಿರ್ತಾರೆ. ‘ಅನ್‌ಡ್ರೆಸ್’ ಅಂದ್ರೆ ಬಟ್ಟೆ ಬಿಚ್ಚೋದಲ್ಲ, ಮನೆಯಲ್ಲಿ ಉಡೋ ಸಾದಾ ಬಟ್ಟೆ. ಹೆಂಗಸೊಬ್ಬಳು ಅನ್‌ಡ್ರೆಸ್‌ನಲ್ಲಿ ನೆಂಟರ ಜೊತೆ ಟೀ ಕುಡಿದಳು ಅಂದ್ರೆ ಗಾಬರಿ ಬೀಳಬೇಡ. ‘ಕಾಂಡಿಸೆಂಡ್’ ಅಂದ್ರೆ ಈಗ ಬೈಗುಳ. ಆಗ ಮೆಚ್ಚುಗೆ, ದೊಡ್ಡವರು ಸಣ್ಣವರ ಹತ್ತಿರ ಬಿಗುಮಾನ ಬಿಟ್ಟು ನಡ್ಕೊಳ್ಳೋದು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಕಾಲಿನ್ಸ್ ತನ್ನ ಒಡತಿ ಲೇಡಿ ಕ್ಯಾಥರೀನಳನ್ನ ಆ ಪದ ಹಾಕಿ ಹಾಡಿ ಹೊಗಳ್ತಾನಲ್ಲ, ಅವನು ವ್ಯಂಗ್ಯ ಮಾಡ್ತಿಲ್ಲ. ವ್ಯಂಗ್ಯ ಆಸ್ಟಿನ್‌ದು.

— ಸರಿ, ಆ ಪುಸ್ತಕಕ್ಕೇ ಬನ್ನಿ. ನಾಯಕಿ ಎಲಿಜಬೆತ್‌ಳ ತಂಗಿ ಲಿಡಿಯಾ ಆ ವಿಕಮ್ ಜೊತೆ ಓಡಿಹೋದಾಗ ಮನೆಯವರು ಅಷ್ಟೊಂದು ಅತ್ತಿದ್ದು ಯಾಕೆ? ಓಡಿಹೋದಳು, ಸರಿ. ಆದರೆ ಅವರು ಸ್ಕಾಟ್ಲೆಂಡಿಗೆ ಹೋಗಿಲ್ಲ, ಲಂಡನ್ನಿನಲ್ಲೇ ಇದ್ದಾರೆ ಅಂತ ತಿಳಿದ ಮೇಲೆ ಅಳು ಇನ್ನೂ ಜಾಸ್ತಿ ಆಯ್ತು. ಹತ್ತಿರ ಇದ್ರೆ ಸಮಾಧಾನ ಆಗಬೇಕಲ್ವಾ?

— ಅಲ್ಲೇ ಇರೋದು ಗುಟ್ಟು. ಗ್ರೆಟ್ನಾ ಗ್ರೀನ್ ಅಂತ ಬರುತ್ತಲ್ಲ, ಅದನ್ನ ಹಾರಿಸಿ ಓದಿದ್ದೀಯ ನೀನು.

— ಯಾವುದೋ ಊರು ಅಂತ ಬಿಟ್ಟೆ.

— ಊರೇ, ಆದ್ರೆ ಕಾನೂನಿನ ಕಿಂಡಿ. 1753ರಲ್ಲಿ ಹಾರ್ಡ್‌ವಿಕ್ ಅನ್ನೋ ಲಾರ್ಡ್ ಚಾನ್ಸಲರ್ ಮದುವೆ ಕಾಯಿದೆ ತಂದ. ಅದರ ಪ್ರಕಾರ ಮದುವೆ ಚರ್ಚಿನಲ್ಲೇ ಆಗಬೇಕು. ಅದಕ್ಕೆ ಮುಂಚೆ ಮೂರು ಭಾನುವಾರ ಎಲ್ಲರೆದುರು ಹೆಸರು ಕೂಗಬೇಕು, ಯಾರಾದ್ರೂ ತಕರಾರು ತೆಗೆಯೋದಿದ್ರೆ ತೆಗೀಲಿ ಅಂತ. ಅದನ್ನೇ ‘ಬ್ಯಾನ್ಸ್’ ಅಂತಾರೆ. ಕೂಗೋದು ಬೇಡ ಅಂದ್ರೆ ಬಿಷಪ್‌ನಿಂದ ಲೈಸೆನ್ಸ್ ತರಬೇಕು, ಇಪ್ಪತ್ತೊಂದು ತುಂಬದವರು ಲೈಸೆನ್ಸಿನ ಮೇಲೆ ಮದುವೆ ಆಗೋಕೆ ಅಪ್ಪನ ಒಪ್ಪಿಗೆ ಬೇಕು. ಈ ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸ್ತಿರಲಿಲ್ಲ. ಅಲ್ಲಿ ಸಾಕ್ಷಿಗಳ ಮುಂದೆ ಇಬ್ಬರೂ ಒಪ್ಪಿದ್ದೇವೆ ಅಂದ್ರೆ ಮುಗೀತು. ಗಡಿ ದಾಟಿದ ತಕ್ಷಣ ಸಿಗೋ ಹಳ್ಳಿ ಗ್ರೆಟ್ನಾ ಗ್ರೀನ್. ಕಮ್ಮಾರನ ಕುಲುಮೆಯೇ ಮದುವೆ ಚಪ್ಪರ. ಮೂರು ವಾರ ಅಲ್ಲಿ ವಾಸ ಇರಬೇಕು ಅನ್ನೋ ನಿಯಮ ಬಂದದ್ದು 1856ರಲ್ಲಿ, ಆ ಮೇಲೆ ಭರಾಟೆ ಕಮ್ಮಿ ಆಯ್ತು.

— ಅಂದ್ರೆ ಸ್ಕಾಟ್ಲೆಂಡಿಗೆ ಹೋಗಿದ್ರೆ...

— ಮದುವೆ ಆಗಿರ್ತಿತ್ತು. ಲಿಡಿಯಾಗೆ ಹದಿನಾರು ವರ್ಷ, ಇಂಗ್ಲೆಂಡಿನಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಮದುವೆ ಆಗೋದು ಸುಲಭವಲ್ಲ. ವಿಕಮ್ ಲಂಡನ್ ದಾರಿ ಹಿಡಿದ ಅಂದ್ರೆ ಅವನಿಗೆ ಮದುವೆ ಯೋಚನೆಯೇ ಇಲ್ಲ. ಒಂದು ಊರಿನ ಹೆಸರು ಗೊತ್ತಿಲ್ಲದಿದ್ರೆ ಕಾದಂಬರಿಯ ದೊಡ್ಡ ಆಘಾತವೇ ಕೈ ತಪ್ಪಿಹೋಗುತ್ತೆ.

— ಹಾಗಾದ್ರೆ ಡಾರ್ಸಿ ಜೊತೆ ಮದುವೆ ಗೊತ್ತಾದಾಗ ಎಲಿಜಬೆತ್‌ಳ ಅಮ್ಮ ‘ಸ್ಪೆಶಲ್ ಲೈಸೆನ್ಸ್’ ಅಂತ ಕುಣಿದಾಡ್ತಾಳಲ್ಲ, ಅದು ಇನ್ನೊಂದಾ?

— ಇನ್ನೊಂದು. ಅದನ್ನ ಕೊಡೋದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು. ಆಗ ಮಿಕ್ಕವರ ಮದುವೆ ಬೆಳಗ್ಗೆ ಎಂಟರಿಂದ ಹನ್ನೆರಡರೊಳಗೆ ಚರ್ಚಿನಲ್ಲಿ ಆಗಬೇಕಿತ್ತು. ಸ್ಪೆಶಲ್ ಲೈಸೆನ್ಸ್ ಇದ್ದವರಿಗೆ ಎಲ್ಲಿ ಬೇಕಾದ್ರೂ, ಯಾವ ಹೊತ್ತಿಗಾದ್ರೂ. ಆ ಅಮ್ಮನಿಗೆ ಬೇಕಾಗಿದ್ದು ಅನುಕೂಲ ಅಲ್ಲ, ದೌಲತ್ತು. ಈಗಿನ ಅಗ್ಗದ ಪ್ರೇಮಕಾದಂಬರಿಗಳಲ್ಲಿ ಪ್ರತಿ ಡ್ಯೂಕನ ಜೇಬಿನಲ್ಲೂ ಸ್ಪೆಶಲ್ ಲೈಸೆನ್ಸ್ ಮಡಚಿಟ್ಟಿರುತ್ತೆ, ಬಸ್ ಟಿಕೆಟಿನ ಹಾಗೆ. ನನಗೆ ನಗು ಬರುತ್ತೆ.

— ‘ಎಂಟೇಲ್’ ಗೊತ್ತು ನನಗೆ. ಆಸ್ತಿ ಗಂಡುಮಕ್ಕಳಿಗೇ ಹೋಗಬೇಕು ಅಂತ ಕಟ್ಟು ಮಾಡಿರೋದು.

— ಹೂಂ. ಎಲಿಜಬೆತ್‌ಳ ಅಪ್ಪ ಬೆನೆಟ್‌ಗೆ ವರ್ಷಕ್ಕೆ ಎರಡು ಸಾವಿರ ಪೌಂಡು ಬರೋ ಜಮೀನು, ಐವರು ಹೆಣ್ಣುಮಕ್ಕಳು, ಜಮೀನು ಮಾತ್ರ ದೂರದ ನೆಂಟ ಕಾಲಿನ್ಸ್‌ಗೆ. ಮಂಗಳೂರು ಕಡೆ ಅಳಿಯಕಟ್ಟಿನ ಮನೆಗಳಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅದರ ಜೊತೆಗಿನ ಇನ್ನೆರಡು ಮಾತೂ ತಿಳ್ಕೊಂಡಿರು. ‘ಪಿನ್ ಮನಿ’ ಅಂದ್ರೆ ಹೆಂಡತಿಯ ಕೈಖರ್ಚಿಗೆ ಗಂಡ ವರ್ಷವರ್ಷ ಕೊಡ್ತೀನಿ ಅಂತ ಒಪ್ಪಿಕೊಂಡ ಹಣ. ‘ಜಾಯಿಂಚರ್’ ಅಂದ್ರೆ ಅವನು ಸತ್ತ ಮೇಲೆ ಅವಳ ಜೀವನಾಂಶ. ಇವನ್ನೆಲ್ಲ ಮದುವೆಗೆ ಮುಂಚೆ ವಕೀಲರು ಕಾಗದದ ಮೇಲೆ ಬರೆದು ಮುಗಿಸ್ತಿದ್ರು. ಯಾಕೆ ಅಂತೀಯ? ತಾಳಿ ಇಲ್ಲದಿದ್ರೂ ಗಂಟು ಬಿದ್ದ ಕ್ಷಣದಿಂದ ಹೆಣ್ಣಿನ ನಗನಾಣ್ಯ ಗಂಡನದ್ದು. 1870 ಮತ್ತು 1882ರ ಕಾಯಿದೆಗಳು ಬರೋವರೆಗೂ ಅದೇ ಕಥೆ. ನಾಯಕಿ ಕಣ್ಣಲ್ಲಿ ನೀರು ತುಂಬಿಕೊಂಡು ‘ಸೆಟ್ಲ್‌ಮೆಂಟ್’ ಬಗ್ಗೆ ಮಾತಾಡಿದ್ರೆ ಅವಳಿಗೆ ದುಡ್ಡಿನಾಸೆ ಅಂದ್ಕೋಬೇಡ.

— ಆದ್ರೆ ಅತ್ತೆ, ನನಗೆ ಪ್ರೀತಿ ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗಲ್ಲ. ಇಬ್ಬರೂ ಕೊನೇ ಪುಟದವರೆಗೂ ಮಿಸ್ಟರ್, ಮಿಸ್ ಅಂತಲೇ ಇರ್ತಾರೆ.

— ಅಲ್ಲೇ ನೋಡಬೇಕು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ನಮ್ಮ ಕಾದಂಬರಿಯಲ್ಲಾದ್ರೆ ‘ನೀವು’ ಹೋಗಿ ‘ನೀನು’ ಬಂದ ಸಾಲಿನಲ್ಲೇ ಓದುಗರಿಗೆ ಸುದ್ದಿ ಮುಟ್ಟುತ್ತೆ. ಅವರು ಆ ಕೆಲಸ ಹೆಸರಿನಲ್ಲಿ ಮಾಡ್ತಾರೆ. ಹಿರಿಯ ಮಗಳು ಬರೀ ‘ಮಿಸ್ ಬೆನೆಟ್’, ಕಿರಿಯಳು ‘ಮಿಸ್ ಎಲಿಜಬೆತ್’. ಅಕ್ಕ ಊರಲ್ಲಿ ಇಲ್ಲದಿದ್ರೆ ತಂಗಿಯೇ ಮಿಸ್ ಬೆನೆಟ್. ಗಂಡಸು ಬರೀ ‘ಎಲಿಜಬೆತ್’ ಅಂದ ಅಂದ್ರೆ ಮದುವೆ ಗೊತ್ತಾಯ್ತು ಅಂತಲೇ ಲೆಕ್ಕ. ‘ಎಮ್ಮಾ’ದಲ್ಲಿ ಪಾದ್ರಿ ಎಲ್ಟನ್ ಮದುವೆಯಾಗಿ ಕರ್ಕೊಂಡು ಬಂದ ಹೆಂಡತಿ, ಊರಿನ ದೊಡ್ಡ ಮನುಷ್ಯನನ್ನ ಬಂದ ಹೊಸದರಲ್ಲೇ ‘ನೈಟ್ಲಿ’ ಅಂತಾಳೆ. ಏಕವಚನಕ್ಕೇ ಇಳಿದುಬಿಟ್ಟಳು! ಎಮ್ಮಾಗೆ ಮೈಯೆಲ್ಲ ಉರಿಯುತ್ತೆ. ಯಾಕೆ ಉರಿಯಿತು, ಅದು ಬರೀ ಶಿಷ್ಟಾಚಾರದ ಸಿಟ್ಟೋ ಅಥವಾ ಆ ಮನುಷ್ಯ ತನ್ನವನು ಅನ್ನೋ ಸಿಟ್ಟೋ, ಅವಳಿಗೇ ಗೊತ್ತಿಲ್ಲ. ನಿನಗೆ ಗೊತ್ತಾಗಬೇಕು. ಅವಳಂತೂ ಮದುವೆ ನಿಶ್ಚಯ ಆದ ಮೇಲೂ ‘ಮಿಸ್ಟರ್ ನೈಟ್ಲಿ’ ಅಂತಲೇ ಕರೀತಾಳೆ.

— ನಮ್ಮಜ್ಜಿ ಅಜ್ಜನ ಹೆಸರು ಹೇಳ್ತಿರಲಿಲ್ಲವಲ್ಲ.

— ಅಜ್ಜಿಗೆ ಈ ಪುಸ್ತಕ ಕೊಟ್ಟಿದ್ರೆ ನನಗಿಂತ ಚೆನ್ನಾಗಿ ಅರ್ಥ ಮಾಡ್ಕೊಳ್ತಿದ್ರು. ಲೇಡಿ, ಲಾರ್ಡ್ ಲೆಕ್ಕವೂ ಹೀಗೇ. ‘ಲೇಡಿ’ ಮುಂದೆ ಹುಡುಗಿಯ ಹೆಸರಿದ್ರೆ ಅವಳು ಅರ್ಲ್‌ಗೋ ಅದಕ್ಕೂ ಮೇಲಿನವನಿಗೋ ಮಗಳು. ಮನೆತನದ ಹೆಸರಷ್ಟೇ ಇದ್ರೆ ಗಂಡನ ಬಿರುದಿನಿಂದ ಬಂದದ್ದು. ಲೇಡಿ ಕ್ಯಾಥರೀನ್ ಹುಟ್ಟಿನಿಂದಲೇ ಲೇಡಿ, ಅದನ್ನ ಅವಳು ಮರೆಯೋಕೂ ಬಿಡಲ್ಲ.

— ಈ ‘ಟನ್’ ಅನ್ನೋದೇನು? ತೂಕ ಅಂತೂ ಅಲ್ಲ.

— ‘ಟಾಂ’ ಅಂತ ಮೂಗಿನಲ್ಲಿ ಅನ್ನಬೇಕು, ಫ್ರೆಂಚ್. ಮೇಲ್ವರ್ಗ, ಷೋಕಿ ಸಮಾಜ. ‘ಆನ್ ದೀ’ ಅಂದ್ರೆ ಗಾಳಿಸುದ್ದಿ, ‘ಮೊದೀಸ್ತ್’ ಅಂದ್ರೆ ಬಟ್ಟೆ ಹೊಲಿಯೋ ಹೆಂಗಸು. ತಮಾಷೆ ಏನಂದ್ರೆ 1793ರಿಂದ ವಾಟರ್‌ಲೂ ನಡೆದ 1815ರವರೆಗೆ, ನಡುವೆ ಒಂದಿಷ್ಟು ಬಿಡುವು ಬಿಟ್ಟರೆ, ಇವರು ಫ್ರಾನ್ಸ್ ಮೇಲೆ ಯುದ್ಧ ಮಾಡ್ತಾನೇ ಇದ್ರು. ಗಂಡಸರು ಸ್ಪೇನಿನಲ್ಲಿ ಫ್ರೆಂಚರ ಗುಂಡಿಗೆ ಸಾಯ್ತಿದ್ರೆ, ಲಂಡನ್ನಿನ ಹೆಂಗಸರು ಫ್ರೆಂಚ್ ಪದ ಹಾಕದೆ ರವಿಕೆ ಹೊಲಿಸ್ತಿರಲಿಲ್ಲ.

— ಆಲ್ಮ್ಯಾಕ್ಸ್ ಅಂತ ಪದೇ ಪದೇ ಬರುತ್ತೆ.

— ಸೇಂಟ್ ಜೇಮ್ಸ್‌ನ ಕಿಂಗ್ ಸ್ಟ್ರೀಟಿನಲ್ಲಿ 1765ರಲ್ಲಿ ಶುರುವಾದ ನೃತ್ಯಭವನ. ಬುಧವಾರ ಕುಣಿತ. ಕೆಲವೇ ದೊಡ್ಡಮನೆ ಹೆಂಗಸರ ಕೈಯಲ್ಲಿ ಪ್ರವೇಶದ ಚೀಟಿ, ‘ವೌಚರ್’. ದುಡ್ಡಿದ್ರೆ ಸಾಲದು, ಅವರು ಒಪ್ಪಬೇಕು. ವೆಲಿಂಗ್ಟನ್ ಡ್ಯೂಕನನ್ನೇ ಉಡುಪು ಸರಿ ಇಲ್ಲ ಅಂತ ಬಾಗಿಲಲ್ಲಿ ತಡೆದ್ರು ಅಂತ ಕಥೆ ಇದೆ. ಒಳಗೆ ಕೊಡ್ತಿದ್ದದ್ದು ಲೆಮನೇಡ್, ಟೀ, ಬೆಣ್ಣೆ ಹಚ್ಚಿದ ಬ್ರೆಡ್ಡು. ಗಂಡು ನೋಡೋ ಶಾಸ್ತ್ರಕ್ಕೆ ಉಪ್ಪಿಟ್ಟು ಕೇಸರಿಬಾತಾದ್ರೂ ಬೇಡವಾ!

— ಇದೆಲ್ಲ ಆಸ್ಟಿನ್‌ನಲ್ಲಿ ನಾನು ಓದೇ ಇಲ್ಲವಲ್ಲ. ಟೈಗರೂ ಇಲ್ಲ, ಆಲ್ಮ್ಯಾಕ್ಸೂ ಇಲ್ಲ.

— ಅಬ್ಬ, ಕೇಳಿದೆಯಲ್ಲ! ಇಷ್ಟು ಹೊತ್ತೂ ಅದಕ್ಕೇ ಕಾಯ್ತಿದ್ದೆ. ಆಸ್ಟಿನ್ ಬದುಕಿದ್ದು 1775ರಿಂದ 1817. ಆ ಕಾಲದಲ್ಲೇ, ಆ ಜನರ ನಡುವೆಯೇ ಕೂತು ಬರೆದವಳು. ಅವಳ ಪುಸ್ತಕದಲ್ಲಿ ಗಾಡಿ ಬರುತ್ತೆ, ಅದರ ವರ್ಣನೆ ಅಪರೂಪ. ಗೊತ್ತಿರೋರಿಗೆ ಯಾಕೆ ಹೇಳಬೇಕು? ಹೇಯರ್ ಹುಟ್ಟಿದ್ದು 1902ರಲ್ಲಿ. ನೀನು ಓದ್ತಿರೋ ‘ರೀಜೆನ್ಸಿ ಬಕ್’ 1935ರದ್ದು. ಹುಚ್ಚು ರಾಜ ಮೂರನೇ ಜಾರ್ಜ್ ಬದಲು ಮಗ ರಾಜ್ಯಭಾರ ಮಾಡಿದ 1811ರಿಂದ 1820ರ ಅವಧಿಗೇ ರೀಜೆನ್ಸಿ ಅನ್ನೋದು. ಆಕೆ ಹಳೇ ಪುಸ್ತಕ, ಪತ್ರ, ಪತ್ರಿಕೆ ಎಲ್ಲ ಜಾಲಾಡಿ ಆ ಕಾಲದ ಆಡುಮಾತುಗಳನ್ನ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡು, ಒಂದೊಂದಾಗಿ ಪಾತ್ರಗಳ ಬಾಯಿಗೆ ಹಾಕಿದಳು.

— ಎಲ್ಲಿ ಸಿಕ್ತಿದ್ವು ಆ ಮಾತುಗಳು?

— ಫ್ರಾನ್ಸಿಸ್ ಗ್ರೋಸ್ ಅಂತೊಬ್ಬ ದಢೂತಿ ಪ್ರಾಚ್ಯವಸ್ತು ಪ್ರೇಮಿ ಇದ್ದ. 1785ರಲ್ಲಿ ಅವನೊಂದು ನಿಘಂಟು ತಂದ. ಕಳ್ಳರು, ಸಿಪಾಯಿಗಳು, ಸೂಳೆಗೇರಿ, ಹೆಂಡದಂಗಡಿ ಇಲ್ಲೆಲ್ಲ ಕೇಳಿದ ಪೋಲಿ ಮಾತುಗಳ ನಿಘಂಟು. 1811ರಲ್ಲಿ ಅದು ಹೊಸ ಹೆಸರಲ್ಲಿ ಮತ್ತೆ ಬಂತು. ಮದುವೆಗೆ ‘ಪಾದ್ರಿಯ ಇಲಿಬೋನು’ ಅನ್ನೋ ಮಾತು ಅಲ್ಲಿದೆ. ಮುದಿ ಕನ್ಯೆಗೆ ‘ಕೋತಿ ನಡೆಸೋಳು’, ಮದುವೆ ಆಗದೆ ಸತ್ತರೆ ನರಕದಲ್ಲಿ ಕೋತಿ ಮೇಯಿಸಬೇಕಂತೆ. ಆಮೇಲೆ 1821ರಲ್ಲಿ ಪಿಯರ್ಸ್ ಈಗನ್ ಅನ್ನೋನು ಟಾಮ್ ಮತ್ತು ಜೆರ್ರಿ ಅನ್ನೋ ಇಬ್ಬರು ಷೋಕಿಲಾಲರು ಲಂಡನ್ ಸುತ್ತೋ ಕಥೆ ಬರೆದ, ಅದರ ತುಂಬ ಗರಡಿಮನೆ ಭಾಷೆ.

— ಟಾಮ್ ಅಂಡ್ ಜೆರ್ರಿನಾ!

— ಬೆಕ್ಕು ಇಲಿ ಆಮೇಲೆ ಬಂದವು. ಹೀಗೆ ಗಲ್ಲಿಗಳ ಭಾಷೆ ಹೇಯರ್ ಕೈಯಲ್ಲಿ ಅರ್ಲ್‌ಗಳ ದಿವಾನಖಾನೆಗೆ ಬಂತು. ಆ ಕಾಲದ ಸಿರಿವಂತ ಹುಡುಗರು ಗಾಡಿ ಹೊಡೆಯೋರ, ಬಾಕ್ಸಿಂಗ್‌ನವರ ಮಾತು ಕಲಿತು ಮೆರೀತಿದ್ದದ್ದು ನಿಜ. ಆದ್ರೆ ಪುಟಪುಟಕ್ಕೂ ಅಷ್ಟು ದಟ್ಟವಾಗಿ ಯಾರೂ ಮಾತಾಡಿರಲಾರರು. ನಮ್ಮ ಕಂಪನಿ ನಾಟಕದಲ್ಲಿ ದುರ್ಯೋಧನ ಆಡೋ ಕನ್ನಡ ಇದೆಯಲ್ಲ, ಅದನ್ನ ಯಾವ ರಾಜನೂ ಯಾವ ಆಸ್ಥಾನದಲ್ಲೂ ಆಡಿಲ್ಲ. ಆದ್ರೂ ಪೌರಾಣಿಕ ಅಂದ್ರೆ ಅದೇ ನಮ್ಮ ಕಿವಿಗೆ. ಇದೂ ಹಾಗೇ. ಹೇಯರ್ ನಂತರ ಬಂದವರು ಗ್ರೋಸ್‌ನನ್ನ ಓದಲಿಲ್ಲ, ಹೇಯರನ್ನ ಓದಿದ್ರು. ಆಕೆ ಹಾಕಿದ ಮಾತೇ ಒಬ್ಬರಿಂದೊಬ್ಬರಿಗೆ ಇಳೀತು. ನಿನ್ನ ಮಿಲ್ಸ್ ಅಂಡ್ ಬೂನ್ ಡ್ಯೂಕುಗಳು ಆಡೋದು 1811ರ ಇಂಗ್ಲಿಷ್ ಅಲ್ಲ, ಹೇಯರಮ್ಮನ ಇಂಗ್ಲಿಷ್.

— ಹಾಗಾದ್ರೆ ಇದೆಲ್ಲ ನಕಲಿ?

— ನಕಲಿ ಅಂತ ಯಾರಂದ್ರು? ಒಂದೊಂದು ಪದವೂ ಅಸಲಿ, ಜೋಡಿಸಿದ ರೀತಿ ಆಕೆಯದ್ದು. ನನಗಂತೂ ಆ ಜೋಡಣೆ ಇಷ್ಟ. ಆಸ್ಟಿನ್ ಓದುವಾಗ ತಲೆ ಬಾಗುತ್ತೆ, ಹೇಯರ್ ಓದುವಾಗ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀನಿ. ಎರಡನ್ನೂ ಒಂದೇ ಕಾಲದ ಭಾಷೆ ಅಂತ ಪರೀಕ್ಷೆಯಲ್ಲಿ ಬರೀಬೇಡ, ಅಷ್ಟೇ.

— ನಮ್ಮ ಕಡೆಯಿಂದ ಹೋದ ಮಾತುಗಳೂ ಸಿಕ್ತವೆ ಅತ್ತೆ. ಒಬ್ಬ ಸಾಹೇಬ ಬೆಳಗ್ಗೆ ‘ಬನಿಯನ್’ ಹಾಕ್ಕೊಂಡು ನೆಂಟರ ಮುಂದೆ ತಿಂಡಿಗೆ ಕೂರ್ತಾನೆ. ನನಗೆ ನಮ್ಮ ವಠಾರದ ಯಜಮಾನರು ನೆನಪಾದ್ರು.

— ಅದು ಉದ್ದನೆ ರೇಷ್ಮೆ ನಿಲುವಂಗಿ, ಪೇಟೆಯ ಬನಿಯಾಗಳ ಉಡುಪಿನಿಂದ ಹೆಸರು ಬಂತು. ಕಲ್ಲಿಕೋಟೆಯಿಂದ ಕ್ಯಾಲಿಕೋ ಹೋಯ್ತು. ಕಾಶ್ಮೀರದ ಶಾಲು ಹೋಯ್ತು. ಅದರ ಬೆಲೆಗೆ ಬೆದರಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ನಕಲು ನೇಯ್ದರು. ‘ನೇಬಾಬ್’ ಅಂದ್ರೆ ನವಾಬ, ಇಲ್ಲಿ ದುಡ್ಡು ಮಾಡಿ ಅಲ್ಲಿ ಬಂಗಲೆ ಕಟ್ಟಿದ ಕಂಪನಿ ನೌಕರ. ಪ್ರೇಮಕಾದಂಬರಿಯಲ್ಲಿ ಸಾಲಗಾರ ನಾಯಕನಿಗೆ ದಿಢೀರನೆ ಆಸ್ತಿ ಬರಬೇಕಾದ್ರೆ ಇಂಡಿಯಾದಲ್ಲೊಬ್ಬ ದೊಡ್ಡಪ್ಪ ಸಾಯ್ತಾನೆ. ಬಹಳ ಅನುಕೂಲದ ದೊಡ್ಡಪ್ಪ. ಅವನ ದುಡ್ಡು ಎಲ್ಲಿಂದ ಬಂತು ಅಂತ ನಾಯಕಿ ಕೇಳಲ್ಲ.

— ‘ಪ್ರೈಜ್ ಮನಿ’ ಅಂತ ಒಂದಿತ್ತು. ಲಾಟರಿ ಬಹುಮಾನ ಅಂದ್ಕೊಂಡೆ.

— ಲೂಟಿಯ ಪಾಲು ಅದು. ಆಸ್ಟಿನ್‌ಳ ‘ಪರ್ಸುಯೇಷನ್’ನಲ್ಲಿ ಕ್ಯಾಪ್ಟನ್ ವೆಂಟ್‌ವರ್ತ್ ಇಪ್ಪತ್ತೈದು ಸಾವಿರ ಪೌಂಡಿನ ಒಡೆಯನಾಗಿ ಬರ್ತಾನಲ್ಲ, ಹಡಗು ಹಿಡಿದು ಮಾರಿದ ದುಡ್ಡಿನಲ್ಲಿ ಬಂದ ಪಾಲು. ದಂಡಿನವರಿಗೂ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಖಜಾನೆ ಹಂಚಿದ್ದು ಇದೇ ಹೆಸರಿನಲ್ಲಿ. ಆಮೇಲೆ ಅಲ್ಲಿ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಆಲ್ಮ್ಯಾಕ್ಸ್ ಬಾಗಿಲಲ್ಲಿ ನಿಂತ ವೆಲಿಂಗ್ಟನ್. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ 1868ರದ್ದು, ಅದಂತೂ ಶುರುವಾಗೋದೇ ಆ ಲೂಟಿಯಿಂದ. ಅದರಲ್ಲೂ ಒಂದು ಪ್ರೇಮಕಥೆ ಇದೆ, ಓದು.

— ಓದ್ತೀನಿ. ಆದ್ರೆ ‘ಬ್ರಿಜರ್ಟನ್’ ಎರಡನೇ ಸೀಸನ್ ನೋಡುವಾಗ ಮಾತ್ರ ನನಗೆ ನಿಘಂಟೇ ಬೇಕಾಗಲಿಲ್ಲ. ಆ ಶರ್ಮಾ ಹುಡುಗಿ ಕೇಟ್ ತಂದೆಯನ್ನ ‘ಅಪ್ಪ’ ಅಂದಳು, ಸೋಫಾದಿಂದ ಎದ್ದು ಕೂತೆ. ತಂಗಿಯನ್ನ ‘ಬೋನ್’ ಅಂದಾಗ ಮಾತ್ರ ಅದೂ ಫ್ರೆಂಚೇ ಇರಬೇಕು, ಟಾಂ ಜೊತೆಗೆ ಬರೋ ಬೋನ್ ಅಂದ್ಕೊಂಡೆ.

— ಬಂಗಾಳಿ ಕಣೇ ಅದು, ತಂಗಿ ಅಂತ. ತಂಗಿ ಇವಳನ್ನ ಕರೆಯೋದು ‘ದೀದಿ’. ಅಪ್ಪ ನಮ್ಮ ಕಡೆಯದು, ಬೋನ್ ಬಂಗಾಳದ್ದು, ದೀದಿ ಹಿಂದಿಯದು, ಹೆಸರು ಶರ್ಮಾ, ಬಂದದ್ದು ಬೊಂಬಾಯಿಯಿಂದ. ಜೂಲಿಯಾ ಕ್ವಿನ್ 2000ದಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಅವಳು ಕೇಟ್ ಶೆಫೀಲ್ಡ್, ಅಪ್ಪಟ ಇಂಗ್ಲಿಷ್ ಹುಡುಗಿ. ಹೇಯರ್ ಕಳ್ಳರ ಮಾತು ಅರ್ಲ್‌ಗಳ ಬಾಯಿಗೆ ಹಾಕಿದಳು. ಇವರು ಇಡೀ ದೇಶದ ಮಾತು ಒಂದೇ ಮನೆಯವರ ಬಾಯಿಗೆ ಹಾಕಿದ್ರು. ಆಗ ನಿನಗೆ ಸಿಟ್ಟು ಬಂತಾ?

— ಇಲ್ಲ, ಖುಷಿಯಾಯ್ತು.

— ಹೂಂ. ಇನ್ನೂರು ವರ್ಷದ ಹಿಂದಿನ ಲಂಡನ್ನಿನವಳಿಗೆ ಹೇಯರ್ ಓದಿಸಿದ್ರೆ ಅವಳಿಗೂ ಹಾಗೇ ಆಗ್ತಿತ್ತೋ ಏನೋ.

— ಕೊನೇದೊಂದು ಹೇಳಿಬಿಡಿ. ‘ರಟಾಫಿಯಾ’?

— ಹಣ್ಣಿನ ಬೀಜ, ಬಾದಾಮಿ ಹಾಕಿ ಮಾಡಿದ ಸಿಹಿ ಮದ್ಯ, ಹೆಂಗಸರಿಗೆ ಕೊಡ್ತಿದ್ದದ್ದು. ಅದನ್ನ ಧಾರಾಳವಾಗಿ ಹಾರಿಸಿ ಓದು. ರಟಾಫಿಯಾ ದೆಸೆಯಿಂದ ಯಾವ ಕಾದಂಬರಿಯಲ್ಲೂ ಮದುವೆ ಮುರಿದಿದ್ದು ನಾನಂತೂ ಕಂಡಿಲ್ಲ.